ಬಳಸಿದ ಸಣ್ಣ ಕಾರು: ಖರೀದಿ, ಮಾಲೀಕತ್ವ ವರ್ಗಾವಣೆ ಮತ್ತು ಒಡೆತನದ ಹೊಣೆ

ಪೀಠಿಕೆ

ಮೊದಲ ಬಾರಿಗೆ ಕಾರು ಹೊಂದಬಯಸುವ ಅನೇಕ ಕುಟುಂಬಗಳು ಬಳಸಿದ ಸಣ್ಣ ಕಾರನ್ನು ಆರಿಸಿಕೊಳ್ಳುತ್ತವೆ. 1983ರಲ್ಲಿ ಮಾರುಕಟ್ಟೆಗೆ ಬಂದು 2014ರಲ್ಲಿ ತಯಾರಿಕೆ ನಿಂತ ಮಾರುತಿ 800 ಮೊದಲುಗೊಂಡು ಸ್ಯಾಂಟ್ರೋ, ಇಂಡಿಕಾ, ಆಲ್ಟೋ, ವ್ಯಾಗನ್ ಆರ್ ಮುಂತಾದ ಮಾದರಿಗಳು ಒಬ್ಬರಿಂದ ಮತ್ತೊಬ್ಬರಿಗೆ ಮಾರಾಟವಾಗುತ್ತಲೇ ಬಂದಿವೆ. ಇಂತಹ ಖರೀದಿಯಲ್ಲಿ ಸಾರ್ವಜನಿಕರು ಸಾಮಾನ್ಯವಾಗಿ ಎಂಜಿನ್, ಟೈರು ಮತ್ತು ಬೆಲೆಯ ಕಡೆಗೆ ಹೆಚ್ಚಿನ ಗಮನ ನೀಡುತ್ತಾರೆ. ನೋಂದಣಿ ದಾಖಲೆಯಲ್ಲಿ ಹೆಸರು ಬದಲಾಯಿಸುವ ಕೆಲಸವು ಮುಂದಕ್ಕೆ ಹೋಗುತ್ತದೆ. ಅನಂತರ ಉಂಟಾಗುವ ತೊಂದರೆಗಳಲ್ಲಿ ಗಂಭೀರವಾದವು ಇಲ್ಲಿಂದಲೇ ಆರಂಭವಾಗುತ್ತವೆ.

ಕರ್ನಾಟಕದಲ್ಲಿ ಬಳಸಿದ ಖಾಸಗಿ ಕಾರನ್ನು ಖರೀದಿಸುವವರು ಮತ್ತು ಮಾರುವವರು ಪರಿಶೀಲಿಸಬೇಕಾದ ದಾಖಲೆಗಳು, ಸಲ್ಲಿಸಬೇಕಾದ ನಮೂನೆಗಳು, ಕಾಲಮಿತಿಗಳು ಹಾಗೂ ಒಡೆತನದ ಹೊಣೆಗಳನ್ನು ಈ ಪುಟದಲ್ಲಿ ಕ್ರಮವಾಗಿ ವಿವರಿಸಲಾಗಿದೆ.

1. ಕಾನೂನಿನ ದೃಷ್ಟಿಯಲ್ಲಿ ವಾಹನದ ಮಾಲೀಕರು ಯಾರು?

ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 2(30)ರ ಪ್ರಕಾರ ಯಾರ ಹೆಸರಿನಲ್ಲಿ ವಾಹನವು ನೋಂದಣಿಯಾಗಿದೆಯೋ ಅವರೇ ಅದರ ಮಾಲೀಕರು. ಹಣ ಪಾವತಿಯಾಗಿ, ಕೀಲಿ ಕೈಬದಲಾಗಿ, ಛಾಪಾ ಕಾಗದದ ಮೇಲೆ ಕರಾರು ಆಗಿದ್ದರೂ ನೋಂದಣಿ ದಾಖಲೆಯಲ್ಲಿ ಹಳೆಯ ಹೆಸರೇ ಇರುವವರೆಗೆ ಅಪಘಾತದ ಪರಿಹಾರ, ದಂಡ ಮತ್ತು ಪೊಲೀಸ್ ವಿಚಾರಣೆಗಳು ಹಳೆಯ ಮಾಲೀಕರನ್ನೇ ಅರಸಿ ಬರುತ್ತವೆ.

ಸರ್ವೋಚ್ಚ ನ್ಯಾಯಾಲಯವು ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ 2018ರ ಫೆಬ್ರವರಿಯಲ್ಲಿ ನೀಡಿದ ತೀರ್ಪು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ನೋಂದಾಯಿತ ಮಾಲೀಕರು 2007ರಲ್ಲಿಯೇ ವಾಹನವನ್ನು ಮಾರಿದ್ದರು. ಆನಂತರ ಅದು ಹೆಸರು ವರ್ಗಾವಣೆ ಇಲ್ಲದೆಯೇ ಕೈಯಿಂದ ಕೈಗೆ ಸಾಗಿ, 2009ರಲ್ಲಿ ಅಪಘಾತಕ್ಕೀಡಾಯಿತು. ಪರಿಹಾರ ನೀಡುವ ಹೊಣೆ ನೋಂದಾಯಿತ ಮಾಲೀಕರದೇ ಎಂದು ನ್ಯಾಯಾಲಯವು ತೀರ್ಮಾನಿಸಿತು. ನೊಂದವರು ದಾಖಲೆಯಲ್ಲಿಲ್ಲದ ಖರೀದಿದಾರರನ್ನು ಒಬ್ಬೊಬ್ಬರಾಗಿ ಹುಡುಕಿಕೊಂಡು ಅಲೆಯುವಂತಾಗಬಾರದು ಎಂಬುದು ಈ ತೀರ್ಪಿನ ಆಶಯವಾಗಿದೆ.

ಆದುದರಿಂದ ಮಾಲೀಕತ್ವ ವರ್ಗಾವಣೆಯು ಮಾರುವವರ ರಕ್ಷಣೆಗೆ ಎಷ್ಟು ಅಗತ್ಯವೋ ಖರೀದಿಸುವವರ ರಕ್ಷಣೆಗೂ ಅಷ್ಟೇ ಅಗತ್ಯ. ಹೆಸರು ಬದಲಾಗದ ಕಾರನ್ನು ಖರೀದಿಸಿದವರು ಅದನ್ನು ಸಕ್ರಮವಾಗಿ ಮರುಮಾರಾಟ ಮಾಡಲಾಗದು, ನೋಂದಣಿ ನವೀಕರಿಸಲಾಗದು, ಕಳವಾದಲ್ಲಿ ವಿಮಾ ಹಣ ಪಡೆಯುವುದೂ ಕಷ್ಟವಾಗುತ್ತದೆ.

2. ಮುಂಗಡ ನೀಡುವ ಮೊದಲು ಪರಿಶೀಲಿಸಬೇಕಾದ ದಾಖಲೆಗಳು

ಕೆಳಕಂಡ ದಾಖಲೆಗಳ ಮೂಲ ಪ್ರತಿಗಳನ್ನು ನೋಡದೆ ಮುಂಗಡ ಹಣ ನೀಡಬಾರದು.

(ಅ) ನೋಂದಣಿ ಪ್ರಮಾಣಪತ್ರ (ಆರ್.ಸಿ.): ಮಾಲೀಕರ ಹೆಸರು, ನೋಂದಣಿ ದಿನಾಂಕ, ತಯಾರಿಕೆಯ ತಿಂಗಳು ಮತ್ತು ವರ್ಷ, ಇಂಧನದ ವಿಧ, ಬಣ್ಣ, ಚಾಸಿಸ್ ಸಂಖ್ಯೆ ಹಾಗೂ ಎಂಜಿನ್ ಸಂಖ್ಯೆಗಳನ್ನು ವಾಹನದೊಂದಿಗೆ ತಾಳೆ ನೋಡಬೇಕು. ಈಗಿನ ಕಾರುಗಳ ಚಾಸಿಸ್ ಸಂಖ್ಯೆಯಲ್ಲಿ 17 ಅಕ್ಷರ ಮತ್ತು ಅಂಕಿಗಳಿರುತ್ತವೆ. ಒಂದು ಅಂಕಿ ವ್ಯತ್ಯಾಸವಿದ್ದರೂ, ಅಥವಾ ಸಂಖ್ಯೆ ಕೆತ್ತಿದ ಜಾಗದಲ್ಲಿ ಉಜ್ಜಿದ, ಬೆಸುಗೆ ಹಾಕಿದ ಗುರುತು ಕಂಡರೂ ವ್ಯವಹಾರದಿಂದ ಹಿಂದೆ ಸರಿಯುವುದು ಒಳಿತು. ಮಾರುವ ವ್ಯಕ್ತಿಯೇ ನೋಂದಾಯಿತ ಮಾಲೀಕರೇ ಎಂಬುದನ್ನು ಅವರ ಗುರುತಿನ ಚೀಟಿಯಿಂದ ಖಚಿತಪಡಿಸಿಕೊಳ್ಳಬೇಕು.

(ಆ) ಸಾಲದ ನಮೂದು: ಬ್ಯಾಂಕು ಅಥವಾ ಹಣಕಾಸು ಸಂಸ್ಥೆಯ ಸಾಲದಿಂದ ಕೊಂಡ ಕಾರಿನ ಆರ್.ಸಿ.ಯಲ್ಲಿ ಹೈಪಾಥಿಕೇಷನ್ ನಮೂದು ಇರುತ್ತದೆ. ಸಾಲ ತೀರಿದೆಯೆಂಬ ಬಾಯಿಮಾತು ಸಾಲದು. ನಮೂದು ಆರ್.ಸಿ.ಯಿಂದ ತೆಗೆದುಹಾಕಲ್ಪಟ್ಟಿರಬೇಕು, ಅಥವಾ ಸಂಸ್ಥೆಯು ಸಹಿ ಮಾಡಿದ ನಮೂನೆ 35 ಮತ್ತು ಋಣಮುಕ್ತ ಪತ್ರ ಕೈಯಲ್ಲಿರಬೇಕು.

(ಇ) ತೆರಿಗೆ: ಖಾಸಗಿ ಕಾರಿಗೆ ಜೀವಿತಾವಧಿ ತೆರಿಗೆ ಪಾವತಿಯಾಗಿರುವುದನ್ನು ನೋಡಬೇಕು. ಭಾರತ್ ಸರಣಿಯ, ಅಂದರೆ 'ಬಿಎಚ್' ಗುರುತಿನ ಕಾರುಗಳಿಗೆ ತೆರಿಗೆಯನ್ನು ಎರಡು ವರ್ಷಗಳ ಅಥವಾ ಅದರ ಗುಣಕದ ಅವಧಿಗೆ ಕಟ್ಟುವ ಪದ್ಧತಿಯಿರುವುದರಿಂದ ಯಾವ ದಿನಾಂಕದವರೆಗೆ ಪಾವತಿಯಾಗಿದೆ ಎಂಬುದನ್ನು ವಿಶೇಷವಾಗಿ ಗಮನಿಸಬೇಕು.

(ಈ) ವಿಮೆ: 2018ರ ಸೆಪ್ಟೆಂಬರ್ 1ರಿಂದ ಮಾರಾಟವಾದ ಹೊಸ ಕಾರುಗಳಿಗೆ ಮೂರನೇ ವ್ಯಕ್ತಿಯ ವಿಮೆಯನ್ನು ಮೂರು ವರ್ಷಗಳಿಗೆ ಒಮ್ಮೆಗೇ ಮಾಡಿಸುವುದು ಕಡ್ಡಾಯವಾಗಿದೆ. ಇಂತಹ ಪಾಲಿಸಿಗಳಲ್ಲಿ ಮೂರನೇ ವ್ಯಕ್ತಿಯ ವಿಮೆಯ ಅಂತಿಮ ದಿನಾಂಕ ಬೇರೆ, ಸ್ವಂತ ವಾಹನದ ಹಾನಿಯ ವಿಮೆಯ ಅಂತಿಮ ದಿನಾಂಕ ಬೇರೆ ಇರಬಹುದು. ಎರಡನ್ನೂ ಓದಬೇಕು.

(ಉ) ಹೊಗೆ ತಪಾಸಣಾ ಪ್ರಮಾಣಪತ್ರ: ಮೊದಲ ನೋಂದಣಿಯಾಗಿ ಒಂದು ವರ್ಷ ಕಳೆದ ಎಲ್ಲ ವಾಹನಗಳಿಗೂ ಇದು ಕಡ್ಡಾಯ.

(ಊ) ಬಾಕಿ ದಂಡ: ಸಂಚಾರ ನಿಯಮ ಉಲ್ಲಂಘನೆಯ ದಂಡಗಳು ವಾಹನದ ಸಂಖ್ಯೆಯ ಮೇಲೆ ದಾಖಲಾಗಿರುತ್ತವೆ. ಪರಿವಾಹನ್ ಜಾಲತಾಣದಲ್ಲಿ ಮತ್ತು ಸಂಚಾರ ಪೊಲೀಸರ ದಾಖಲೆಯಲ್ಲಿ ಪರಿಶೀಲಿಸಿ, ಮಾರುವವರಿಂದಲೇ ಕಟ್ಟಿಸಬೇಕು.

(ಋ) ಕಳವಿನ ಪರಿಶೀಲನೆ: ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 'ವಾಹನ ಸಮನ್ವಯ' ವ್ಯವಸ್ಥೆಯಲ್ಲಿ ವಾಹನವು ಕಳವಾದದ್ದೆಂದು ದಾಖಲಾಗಿದೆಯೇ ಎಂಬುದನ್ನು ತಿಳಿಯಬಹುದು. ಕಳವಿನ ಮಾಲೆಂದು ತಿಳಿದೂ, ಅಥವಾ ಹಾಗೆಂದು ನಂಬಲು ಕಾರಣವಿದ್ದೂ ಅಪ್ರಾಮಾಣಿಕವಾಗಿ ಪಡೆಯುವುದು ಭಾರತೀಯ ನ್ಯಾಯ ಸಂಹಿತೆಯ ಕಲಂ 317ರಡಿ ಅಪರಾಧವಾಗಿದೆ.

(ೠ) ನೋಂದಣಿ ಫಲಕ: 2019ರ ಏಪ್ರಿಲ್ 1ಕ್ಕೆ ಮೊದಲು ನೋಂದಣಿಯಾದ ವಾಹನಗಳಿಗೂ ಅತಿ ಸುರಕ್ಷಿತ ನೋಂದಣಿ ಫಲಕ ಅಳವಡಿಸಬೇಕೆಂದು ರಾಜ್ಯದಲ್ಲಿ 2023ರ ಆಗಸ್ಟ್‌ನಲ್ಲಿ ಅಧಿಸೂಚನೆ ಹೊರಡಿಸಲಾಗಿದೆ. ಈ ಫಲಕವಿಲ್ಲದೆ ಮಾಲೀಕತ್ವ ವರ್ಗಾವಣೆಯಂತಹ ಸೇವೆಗಳಿಗೆ ಅವಕಾಶವಿಲ್ಲವೆಂದೂ ತಿಳಿಸಲಾಗಿದೆ. ಆದಕಾರಣ ಫಲಕವನ್ನು ಮಾರುವವರೇ ತಮ್ಮ ಹೆಸರಿನಲ್ಲಿ ಅಳವಡಿಸಿಕೊಡುವುದು ಸೂಕ್ತ.

ಸಿ.ಎನ್.ಜಿ. ಅಥವಾ ಎಲ್.ಪಿ.ಜಿ. ಕಿಟ್ ಅಳವಡಿಸಿರುವ ಕಾರಾದಲ್ಲಿ ಅದು ಆರ್.ಸಿ.ಯಲ್ಲಿ ನಮೂದಾಗಿರಬೇಕು. ಸಿ.ಎನ್.ಜಿ. ಸಿಲಿಂಡರನ್ನು ಮೂರು ವರ್ಷಗಳಿಗೊಮ್ಮೆ ಒತ್ತಡ ಪರೀಕ್ಷೆಗೆ ಒಳಪಡಿಸಬೇಕಾಗಿದ್ದು, ಅದರ ಪ್ರಮಾಣಪತ್ರವನ್ನು ಕೇಳಿ ಪಡೆಯಬೇಕು. ಹಿಂದೆ ಹಳದಿ ಫಲಕದ ಬಾಡಿಗೆ ವಾಹನವಾಗಿದ್ದು ಅನಂತರ ಖಾಸಗಿ ವಾಹನವಾಗಿ ಬದಲಾದ ಕಾರುಗಳೂ ಮಾರಾಟಕ್ಕೆ ಬರುತ್ತವೆ. ಇವು ಅಲ್ಪಕಾಲದಲ್ಲಿ ಬಹಳ ದೂರ ಓಡಿರುವ ಸಾಧ್ಯತೆ ಇರುವುದರಿಂದ ಆ ಇತಿಹಾಸವನ್ನು ತಿಳಿದುಕೊಂಡು ಬೆಲೆ ನಿಗದಿಪಡಿಸಬೇಕು.

3. ವಾಹನದ ತಪಾಸಣೆ

ದಾಖಲೆಗಳು ಸರಿಯಿದ್ದಲ್ಲಿ ಮಾತ್ರ ವಾಹನದ ತಪಾಸಣೆಗೆ ಮುಂದುವರಿಯಬೇಕು. ನಂಬಿಕಸ್ಥ ಮೆಕ್ಯಾನಿಕ್ ಒಬ್ಬರನ್ನು ಜೊತೆಗೆ ಕರೆದೊಯ್ಯುವುದು ಉತ್ತಮ. ಹಗಲು ಬೆಳಕಿನಲ್ಲಿ, ಮಳೆಯಿಲ್ಲದ ವೇಳೆಯಲ್ಲಿ ನೋಡಬೇಕು. ಒದ್ದೆಯಾದ ಮೈಮೇಲೆ ಬಣ್ಣದ ವ್ಯತ್ಯಾಸ ಕಾಣುವುದಿಲ್ಲ.

ಎಂಜಿನ್: ಎಂಜಿನ್ ತಣ್ಣಗಿರುವಾಗಲೇ ಚಾಲೂ ಮಾಡಿ ನೋಡಬೇಕು. ನೀವು ತಲಪುವ ಮೊದಲೇ ಬಿಸಿಯಾಗಿದ್ದರೆ ಮತ್ತೊಂದು ದಿನ ಬರುವುದು ಲೇಸು. ಸೈಲೆನ್ಸರ್‌ನಿಂದ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಎಂದೂ, ಕಪ್ಪು ಹೊಗೆ ಬಂದರೆ ಇಂಧನ ಅತಿಯಾಗಿ ಉರಿಯುತ್ತಿದೆ ಎಂದೂ ತಿಳಿಯಬಹುದು. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಕೂಲಂಟ್ ಒಳಸೇರುತ್ತಿರುವ ಸಂಶಯವಿದೆ. ಆಯಿಲ್ ಮುಚ್ಚಳದ ಒಳಬದಿಯಲ್ಲಿ ಹಾಲಿನಂತಹ ಬಿಳಿ ನೊರೆ ಕಾಣುವುದೂ ಅದೇ ಲಕ್ಷಣ. ಇದರ ದುರಸ್ತಿಗೆ ತಗಲುವ ವೆಚ್ಚ ಹಳೆಯ ಸಣ್ಣ ಕಾರಿನ ಬೆಲೆಗೆ ಹೋಲಿಸಿದರೆ ದೊಡ್ಡದು.

ಟೈಮಿಂಗ್ ಬೆಲ್ಟ್: ಮಾರುತಿ 800, 796 ಸಿಸಿ ಆಲ್ಟೋ ಹಾಗೂ ಹಳೆಯ ಸ್ಯಾಂಟ್ರೋ ಎಂಜಿನ್‌ಗಳಲ್ಲಿ ಟೈಮಿಂಗ್ ಬೆಲ್ಟ್ ಇರುತ್ತದೆ. ತಯಾರಕರು ಸೂಚಿಸಿದ ಅವಧಿಯೊಳಗೆ ಬೆಲ್ಟ್ ಬದಲಾಯಿಸಿದ ರಸೀದಿ ಇಲ್ಲದಿದ್ದರೆ ಬದಲಾಯಿಸಿಲ್ಲವೆಂದೇ ಭಾವಿಸಿ, ಆ ವೆಚ್ಚವನ್ನು ಬೆಲೆಯಲ್ಲಿ ಕಳೆಯಬೇಕು.

ಓಡಿದ ದೂರ: ಮೀಟರಿನಲ್ಲಿ ಕಾಣುವ ಕಿಲೋಮೀಟರನ್ನು ಸರ್ವಿಸ್ ಪುಸ್ತಕ, ಹೊಗೆ ತಪಾಸಣೆಯ ಹಳೆಯ ಚೀಟಿಗಳು ಹಾಗೂ ದುರಸ್ತಿಯ ರಸೀದಿಗಳೊಂದಿಗೆ ಹೋಲಿಸಬೇಕು. ಸವೆದ ಪೆಡಲ್ ರಬ್ಬರ್, ನುಣುಪಾದ ಸ್ಟಿಯರಿಂಗ್ ಮತ್ತು ಗೇರ್ ಹಿಡಿ, ಕುಸಿದ ಚಾಲಕನ ಆಸನ ಇವೆಲ್ಲ ಇದ್ದು ಮೀಟರಿನಲ್ಲಿ ಮಾತ್ರ ಅತಿ ಕಡಿಮೆ ದೂರವಿದ್ದರೆ ಮೀಟರನ್ನು ತಿರುಚಿರುವ ಸಾಧ್ಯತೆ ಇದೆ.

ಟೈರು: ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ತಯಾರಿಕಾ ಗುರುತಿರುತ್ತದೆ. ಉದಾಹರಣೆಗೆ 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಗೀರಿನ ಆಳ 1.6 ಮಿ.ಮೀ.ಗಿಂತ ಕಡಿಮೆಯಿರುವ ಟೈರು ಬಳಸುವಂತಿಲ್ಲ. ಒಂದೇ ಪಕ್ಕ ಸವೆದಿರುವ ಟೈರು ಚಕ್ರದ ಜೋಡಣೆ ತಪ್ಪಿರುವುದನ್ನು, ಕೆಲವೊಮ್ಮೆ ಹಳೆಯ ಅಪಘಾತವನ್ನು ಸೂಚಿಸುತ್ತದೆ.

ಅಪಘಾತದ ಗುರುತು: ಬಾಗಿಲು, ಬಾನೆಟ್ ಮತ್ತು ಡಿಕ್ಕಿಯ ಅಂಚಿನ ಸಂದುಗಳು ಎರಡೂ ಕಡೆ ಸಮನಾಗಿವೆಯೇ, ಬೋಲ್ಟುಗಳ ಮೇಲಿನ ಬಣ್ಣ ಕಿತ್ತಿದೆಯೇ, ಗಾಜುಗಳ ಮೇಲಿನ ತಯಾರಿಕಾ ಗುರುತು ಒಂದೇ ಕಾಲದ್ದೇ ಎಂಬುದನ್ನು ನೋಡಬೇಕು.

ನೀರು ಮತ್ತು ತುಕ್ಕು: 2015ರಲ್ಲಿ ಚೆನ್ನೈ, 2018ರಲ್ಲಿ ಕೇರಳ, 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಪೂರ್ವ ಭಾಗದ ಬಡಾವಣೆಗಳು ಜಲಾವೃತವಾದಾಗ ಕಾರುಗಳೂ ಮುಳುಗಿದ್ದವು. ನೀರಿನಲ್ಲಿ ಮುಳುಗಿದ ಕಾರನ್ನು ಗುರುತಿಸಲು ಆಸನದ ಬೆಲ್ಟನ್ನು ಕೊನೆಯವರೆಗೆ ಎಳೆದು ಕೆಸರಿನ ಕಲೆ ಇದೆಯೇ ನೋಡಬೇಕು. ನೆಲದ ಹಾಸನ್ನು ಎತ್ತಿ ವಾಸನೆ, ಮಣ್ಣು ಮತ್ತು ಆಸನದ ಹಳಿಗಳ ತುಕ್ಕನ್ನು ಪರಿಶೀಲಿಸಬೇಕು. ಕರಾವಳಿ ಜಿಲ್ಲೆಗಳಲ್ಲಿ ಓಡಿದ ಕಾರುಗಳಲ್ಲಿ ಉಪ್ಪುಗಾಳಿಯಿಂದ ಅಡಿಭಾಗ ಮತ್ತು ಬಾಗಿಲಿನ ಕೆಳ ಅಂಚು ಬೇಗ ತುಕ್ಕು ಹಿಡಿಯುತ್ತವೆ. ಇಂತಹ ಕಾರನ್ನು ಮೇಲೆತ್ತಿಸಿ ತಳವನ್ನು ನೋಡದೆ ಖರೀದಿಸಬಾರದು.

4. ಯಾವ ವರ್ಷದ ಕಾರು?

ತಯಾರಿಕೆಯ ವರ್ಷವನ್ನು ಬೆಲೆ ನಿರ್ಧರಿಸಲು ಮಾತ್ರವಲ್ಲದೆ ಸುರಕ್ಷತೆಯ ದೃಷ್ಟಿಯಿಂದಲೂ ಗಮನಿಸಬೇಕು. ಎಲ್ಲ ಹೊಸ ಕಾರುಗಳಲ್ಲಿ ಚಕ್ರ ಹಿಡಿದು ಜಾರದಂತೆ ತಡೆಯುವ ಎ.ಬಿ.ಎಸ್. ಬ್ರೇಕ್ 2019ರ ಏಪ್ರಿಲ್‌ನಿಂದಲೂ, ಚಾಲಕನ ಏರ್‌ಬ್ಯಾಗ್, ವೇಗ ಎಚ್ಚರಿಕೆ ಮತ್ತು ಹಿಂಬದಿ ಸಂವೇದಕಗಳು 2019ರ ಜುಲೈ 1ರಿಂದಲೂ ಕಡ್ಡಾಯವಾದವು. ಮುಂದಿನ ಆಸನದ ಸಹಪ್ರಯಾಣಿಕರ ಏರ್‌ಬ್ಯಾಗ್ ಎಲ್ಲ ಮಾದರಿಗಳಿಗೂ ಅನ್ವಯವಾದದ್ದು 2021ರ ಡಿಸೆಂಬರ್ 31ರಿಂದ. ಒಂದೇ ಮಾದರಿಯ 2018ರ ಕಾರಿಗೂ 2022ರ ಕಾರಿಗೂ ಬೆಲೆಯಲ್ಲಿ ಕಾಣುವ ಅಂತರದಲ್ಲಿ ಈ ಸಾಧನಗಳ ಮೌಲ್ಯವೂ ಸೇರಿದೆ.

ಹೊಗೆ ಪ್ರಮಾಣದ ದೃಷ್ಟಿಯಿಂದ ದೇಶದಾದ್ಯಂತ 2017ರ ಏಪ್ರಿಲ್‌ನಿಂದ ಭಾರತ್ ಸ್ಟೇಜ್ 4, 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ಮಾನಕಗಳು ಜಾರಿಯಾದವು. 2023ರ ಏಪ್ರಿಲ್‌ಗೆ ಮೊದಲು ತಯಾರಾದ ಕಾರುಗಳನ್ನು ಸಾಮಾನ್ಯವಾಗಿ ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿಗಾಗಿ ರೂಪಿಸಿರಲಿಲ್ಲ. ಇಂತಹ ಕಾರುಗಳಲ್ಲಿ ಮೈಲೇಜ್ ತುಸು ಕಡಿಮೆಯಾಗಬಹುದು. ಇಂಧನ ಕೊಳವೆ, ರಬ್ಬರ್ ಬಿಡಿಭಾಗ ಮತ್ತು ಗ್ಯಾಸ್ಕೆಟ್‌ಗಳನ್ನು ಆಗಾಗ್ಗೆ ಪರೀಕ್ಷಿಸಿ ಅಗತ್ಯವಿದ್ದಲ್ಲಿ ಬದಲಾಯಿಸಬೇಕು.

ಬಿಡಿಭಾಗಗಳ ಲಭ್ಯತೆಯನ್ನೂ ವಿಚಾರಿಸಬೇಕು. ಷೆವರ್ಲೆ ಕಾರುಗಳ ಮಾರಾಟ ಭಾರತದಲ್ಲಿ 2017ರ ಕೊನೆಗೆ ನಿಂತಿತು. ಫೋರ್ಡ್ ಸಂಸ್ಥೆಯು ಇಲ್ಲಿ ತಯಾರಿಕೆ ನಿಲ್ಲಿಸುವುದಾಗಿ 2021ರಲ್ಲಿ ಪ್ರಕಟಿಸಿತು. ಡಾಟ್ಸನ್ ಕಾರುಗಳು 2022ರಲ್ಲಿ ನಿಂತವು. ಇಂತಹ ಕಾರುಗಳು ಅಗ್ಗವಾಗಿ ದೊರೆಯಬಹುದಾದರೂ ತಮ್ಮ ಊರಿನಲ್ಲಿ ಅವುಗಳ ದುರಸ್ತಿ ಬಲ್ಲವರು ಮತ್ತು ಬಿಡಿಭಾಗ ಮಾರುವವರು ಇದ್ದಾರೆಯೇ ಎಂದು ತಿಳಿದು ಮುಂದುವರಿಯಬೇಕು.

ಬೆಲೆಯನ್ನು ಹೋಲಿಸುವಾಗ ಹೊಸ ಕಾರಿನ ಈಗಿನ ಬೆಲೆಯನ್ನೇ ಆಧಾರವಾಗಿಟ್ಟುಕೊಳ್ಳಬೇಕು. 2025ರ ಸೆಪ್ಟೆಂಬರ್ 22ರಿಂದ 1200 ಸಿಸಿ ಮೀರದ, 4 ಮೀಟರ್ ಉದ್ದ ಮೀರದ ಪೆಟ್ರೋಲ್ ಕಾರುಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆಯನ್ನು ಶೇ. 28ರಿಂದ ಶೇ. 18ಕ್ಕೆ ಇಳಿಸಲಾಯಿತು. ಅದಕ್ಕೆ ಮೊದಲು ಕೊಂಡವರು ತಾವು ಕೊಟ್ಟ ಹಳೆಯ ಬೆಲೆಯ ಲೆಕ್ಕದಲ್ಲಿ ಬೆಲೆ ಹೇಳಬಹುದು.

5. ಹಣ ಪಾವತಿ ಮತ್ತು ವಿತರಣಾ ಪತ್ರ

ಬ್ಯಾಂಕಿನ ಮೂಲಕ, ನೋಂದಾಯಿತ ಮಾಲೀಕರ ಖಾತೆಗೇ ಹಣ ಪಾವತಿಸಬೇಕು. ಆದಾಯ ತೆರಿಗೆ ಕಾನೂನಿನಂತೆ ಒಂದೇ ವ್ಯವಹಾರದಲ್ಲಿ 2 ಲಕ್ಷ ರೂ. ಅಥವಾ ಅದಕ್ಕಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವಂತಿಲ್ಲ.

ಕಾರನ್ನು ಒಪ್ಪಿಸುವಾಗ ಇಬ್ಬರೂ ಸಹಿ ಮಾಡಿದ ವಿತರಣಾ ಪತ್ರವನ್ನು ಎರಡು ಪ್ರತಿಗಳಲ್ಲಿ ಬರೆದುಕೊಳ್ಳಬೇಕು. ಅದರಲ್ಲಿ ನೋಂದಣಿ, ಚಾಸಿಸ್ ಮತ್ತು ಎಂಜಿನ್ ಸಂಖ್ಯೆ, ಬೆಲೆ, ಮೀಟರಿನಲ್ಲಿನ ಕಿಲೋಮೀಟರ್, ಒಪ್ಪಿಸಿದ ದಿನಾಂಕ ಮತ್ತು ಗಂಟೆ ಇರಬೇಕು. ಈ ಪತ್ರವು ಆ ಗಂಟೆಗೆ ಮೊದಲಿನ ಮತ್ತು ಅನಂತರದ ದಂಡಗಳ ವಿವಾದದಲ್ಲಿ ಉಪಯುಕ್ತವಾಗುತ್ತದೆಯೇ ಹೊರತು ಮಾಲೀಕತ್ವ ವರ್ಗಾವಣೆಗೆ ಬದಲಿಯಾಗುವುದಿಲ್ಲ.

6. ಮಾಲೀಕತ್ವ ವರ್ಗಾವಣೆಯ ವಿಧಾನ

6.1 ರಾಜ್ಯದೊಳಗಿನ ವರ್ಗಾವಣೆ

ಅಧಿನಿಯಮದ ಕಲಂ 50ರಂತೆ ಮಾರಾಟವಾದ 14 ದಿನಗಳೊಳಗೆ ಮಾರುವವರು ನಮೂನೆ 29ರಲ್ಲಿ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡಿ, ಅದರ ಪ್ರತಿಯನ್ನು ಖರೀದಿದಾರರಿಗೂ ಕಳುಹಿಸತಕ್ಕದ್ದು. ಖರೀದಿಸಿದವರು 30 ದಿನಗಳೊಳಗೆ ತಾವು ವಾಸಿಸುವ ಪ್ರದೇಶದ ಪ್ರಾದೇಶಿಕ ಸಾರಿಗೆ ಕಚೇರಿಗೆ ನಮೂನೆ 30ರಲ್ಲಿ ಅರ್ಜಿ ಸಲ್ಲಿಸತಕ್ಕದ್ದು.

ಉದಾಹರಣೆ: ಧಾರವಾಡದಲ್ಲಿ ನೋಂದಣಿಯಾದ ಕೆಎ 25 ಸರಣಿಯ ಕಾರನ್ನು ಮೈಸೂರಿನ ನಿವಾಸಿಯೊಬ್ಬರು ಮಾರ್ಚ್ 1ರಂದು ಖರೀದಿಸಿದರೆ, ಮಾರಿದವರ ವರದಿ ಮಾರ್ಚ್ 15ರೊಳಗೆ ಮತ್ತು ಖರೀದಿಸಿದವರ ಅರ್ಜಿ ಮಾರ್ಚ್ 31ರೊಳಗೆ ಮೈಸೂರಿನ ಕಚೇರಿಗೆ ಸಲ್ಲಿಕೆಯಾಗಬೇಕು. ರಾಜ್ಯದೊಳಗಿನ ವರ್ಗಾವಣೆಯಾದುದರಿಂದ ಕೆಎ 25 ಸಂಖ್ಯೆಯೇ ಮುಂದುವರಿಯುತ್ತದೆ. ಹೊಸದಾಗಿ ಜೀವಿತಾವಧಿ ತೆರಿಗೆ ಕಟ್ಟಬೇಕಾಗಿಲ್ಲ.

ಅರ್ಜಿಯೊಂದಿಗೆ ಲಗತ್ತಿಸಬೇಕಾದ ದಾಖಲೆಗಳು:

• ನಮೂನೆ 29 ಮತ್ತು ನಮೂನೆ 30, ಮಾರುವವರ ಹಾಗೂ ಖರೀದಿಸುವವರ ಸಹಿಯೊಂದಿಗೆ
• ಮೂಲ ನೋಂದಣಿ ಪ್ರಮಾಣಪತ್ರ
• ಚಾಲ್ತಿಯಲ್ಲಿರುವ ವಿಮಾ ಪತ್ರ ಮತ್ತು ಹೊಗೆ ತಪಾಸಣಾ ಪ್ರಮಾಣಪತ್ರ
• ಖರೀದಿಸುವವರ ವಿಳಾಸದ ದಾಖಲೆ ಮತ್ತು ಭಾವಚಿತ್ರ
• ಪ್ಯಾನ್ ಕಾರ್ಡಿನ ಪ್ರತಿ, ಇಲ್ಲದಿದ್ದಲ್ಲಿ ನಿಗದಿತ ಘೋಷಣೆ
• ಚಾಸಿಸ್ ಸಂಖ್ಯೆಯ ಪೆನ್ಸಿಲ್ ಅಚ್ಚು
• ಸಾಲವಿದ್ದಲ್ಲಿ ಹಣಕಾಸು ಸಂಸ್ಥೆಯ ಒಪ್ಪಿಗೆ ಅಥವಾ ನಮೂನೆ 35

ವರ್ಗಾವಣೆಯ ಶುಲ್ಕವು ಅದೇ ವರ್ಗದ ವಾಹನದ ನೋಂದಣಿ ಶುಲ್ಕದ ಅರ್ಧದಷ್ಟಿರುತ್ತದೆ. ಸ್ಮಾರ್ಟ್ ಕಾರ್ಡಿನ ಶುಲ್ಕ ಪ್ರತ್ಯೇಕ. ಅರ್ಜಿಯನ್ನು ಪರಿವಾಹನ್ ಜಾಲತಾಣದಲ್ಲಿ ಭರ್ತಿ ಮಾಡಿ ಶುಲ್ಕ ಪಾವತಿಸಬಹುದು. ಆನ್‌ಲೈನ್ ಸೇವೆಯಲ್ಲಿ ಖಚಿತಪಡಿಸುವ ಸಂಕೇತವು ನೋಂದಾಯಿತ ಮೊಬೈಲ್ ಸಂಖ್ಯೆಗೆ ಬರುವುದರಿಂದ ಮಾರುವವರ ಈಗಿನ ಸಂಖ್ಯೆ ದಾಖಲೆಯಲ್ಲಿ ಇದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು.

6.2 ಹೊರರಾಜ್ಯದ ಕಾರು

ಹೊರರಾಜ್ಯದಲ್ಲಿ ನೋಂದಣಿಯಾದ ಕಾರಿಗೆ ಮೂಲ ನೋಂದಣಿ ಪ್ರಾಧಿಕಾರದಿಂದ ನಮೂನೆ 28ರಲ್ಲಿ ನಿರಾಕ್ಷೇಪಣಾ ಪತ್ರ ಪಡೆಯಬೇಕು. ಇಲ್ಲಿ ಮಾರುವವರಿಗೆ ಇರುವ ಕಾಲಾವಕಾಶ 45 ದಿನಗಳು. ಕರ್ನಾಟಕದಲ್ಲಿ ಹೊಸ ನೋಂದಣಿ ಸಂಖ್ಯೆಗಾಗಿ ನಮೂನೆ 27ರಲ್ಲಿ ಅರ್ಜಿ ಸಲ್ಲಿಸಿ ಜೀವಿತಾವಧಿ ತೆರಿಗೆ ಪಾವತಿಸಬೇಕು.

ಇಲ್ಲಿ ಅನೇಕರ ಲೆಕ್ಕ ತಪ್ಪುತ್ತದೆ. ಈ ತೆರಿಗೆಯನ್ನು ಖರೀದಿದಾರರು ಕೊಟ್ಟ ಹಳೆಯ ಕಾರಿನ ಬೆಲೆಯ ಮೇಲೆ ಲೆಕ್ಕ ಹಾಕದೆ, ವಾಹನದ ಮೂಲ ಬೆಲೆ ಮತ್ತು ವಯಸ್ಸಿನ ಆಧಾರದ ಮೇಲೆ ನಿಗದಿಪಡಿಸಲಾಗುತ್ತದೆ. ರಾಷ್ಟ್ರ ರಾಜಧಾನಿ ಪ್ರದೇಶದಲ್ಲಿ 10 ವರ್ಷ ಮೀರಿದ ಡೀಸೆಲ್ ಮತ್ತು 15 ವರ್ಷ ಮೀರಿದ ಪೆಟ್ರೋಲ್ ವಾಹನಗಳ ಸಂಚಾರವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2015ರಲ್ಲಿ ನಿರ್ಬಂಧಿಸಿ, ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಅದನ್ನು ಎತ್ತಿಹಿಡಿದ ಬಳಿಕ, ಅಲ್ಲಿನ ಹಳೆಯ ಕಾರುಗಳು ಅಗ್ಗದ ಬೆಲೆಗೆ ಇತರ ರಾಜ್ಯಗಳಿಗೆ ಬರತೊಡಗಿದವು. ಕಾರಿನ ಬೆಲೆಗೆ ನಿರಾಕ್ಷೇಪಣಾ ಪತ್ರದ ಓಡಾಟ, ಸಾಗಣೆ ವೆಚ್ಚ ಮತ್ತು ಇಲ್ಲಿನ ತೆರಿಗೆಯನ್ನು ಕೂಡಿಸಿ, ಆ ಮೊತ್ತವನ್ನು ಸ್ಥಳೀಯ ಕಾರಿನ ಬೆಲೆಯೊಂದಿಗೆ ಹೋಲಿಸಿದ ಬಳಿಕವೇ ತೀರ್ಮಾನಿಸಬೇಕು. ಹಿಂದಿನ ರಾಜ್ಯದಲ್ಲಿ ಕಟ್ಟಿದ ತೆರಿಗೆಯ ಉಳಿದ ಅವಧಿಯ ಮರುಪಾವತಿಗೆ ಆ ರಾಜ್ಯದ ನಿಯಮಗಳಂತೆ ಅಲ್ಲಿಯೇ ಅರ್ಜಿ ಸಲ್ಲಿಸಬೇಕಾಗುತ್ತದೆ.

6.3 ಮಾಲೀಕರು ಮರಣ ಹೊಂದಿದ್ದಲ್ಲಿ

ಮೃತರ ಹೆಸರಿನಲ್ಲಿರುವ ಕಾರನ್ನು ಮನೆಯವರು ನೇರವಾಗಿ ಮಾರುವಂತಿಲ್ಲ. ಮರಣದ ದಿನದಿಂದ 30 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿದಲ್ಲಿ, ವಾಹನವು ಕೈಸೇರಿದ ವಾರಸುದಾರರು ಅದನ್ನು ಮೂರು ತಿಂಗಳ ಅವಧಿಗೆ ಬಳಸಬಹುದು. ಆ ಮೂರು ತಿಂಗಳೊಳಗೆ ನಮೂನೆ 31ರಲ್ಲಿ ಅರ್ಜಿ ಸಲ್ಲಿಸಿ, ಮರಣ ಪ್ರಮಾಣಪತ್ರ ಮತ್ತು ವಾರಸುದಾರಿಕೆಯ ದಾಖಲೆಗಳೊಂದಿಗೆ ವಾಹನವನ್ನು ತಮ್ಮ ಹೆಸರಿಗೆ ಮಾಡಿಕೊಳ್ಳತಕ್ಕದ್ದು. ಅನಂತರವೇ ಮಾರಾಟ ಸಕ್ರಮವಾಗುತ್ತದೆ. 2021ರ ತಿದ್ದುಪಡಿಯ ಪ್ರಕಾರ ಮಾಲೀಕರು ತಮ್ಮ ಜೀವಿತಕಾಲದಲ್ಲಿಯೇ ಆರ್.ಸಿ.ಯಲ್ಲಿ ನಾಮನಿರ್ದೇಶನ ಮಾಡಬಹುದು. ಇದರಿಂದ ಕುಟುಂಬದವರ ಅಲೆದಾಟ ಬಹುಮಟ್ಟಿಗೆ ತಪ್ಪುತ್ತದೆ.

6.4 ಮಾರಾಟಗಾರರ ಮೂಲಕ ವ್ಯವಹಾರ

ಬಳಸಿದ ವಾಹನಗಳ ವ್ಯಾಪಾರಿಗಳು ನೋಂದಣಿ ಪ್ರಾಧಿಕಾರದಿಂದ ಅಧಿಕಾರ ಪತ್ರ ಪಡೆಯುವ ವ್ಯವಸ್ಥೆಯು ಕೇಂದ್ರ ಮೋಟಾರು ವಾಹನಗಳ ನಿಯಮಗಳ ತಿದ್ದುಪಡಿಯ ಮೂಲಕ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ನಮೂನೆ 29ಬಿ ಯಲ್ಲಿ ನೀಡುವ ಈ ಪತ್ರದ ಅವಧಿ ಐದು ವರ್ಷ. ಮಾಲೀಕರು ಕಾರನ್ನು ಇಂತಹ ವ್ಯಾಪಾರಿಗೆ ಒಪ್ಪಿಸಿದಾಗ ನಮೂನೆ 29ಸಿ ಯಲ್ಲಿ ಆನ್‌ಲೈನ್ ಮೂಲಕ ತಿಳಿಸಬೇಕು. ಆನಂತರ ವಾಹನವು ವ್ಯಾಪಾರಿಯ ವಶದಲ್ಲಿರುವಷ್ಟು ಕಾಲ ಅದರ ಹೊಣೆ ವ್ಯಾಪಾರಿಯದಾಗಿರುತ್ತದೆ. ಅಧಿಕಾರ ಪತ್ರವಿಲ್ಲದ ಮಧ್ಯವರ್ತಿಗೆ ಒಪ್ಪಿಸಿದಲ್ಲಿ ಈ ರಕ್ಷಣೆ ದೊರೆಯುವುದಿಲ್ಲ.

7. ವಿಮೆಯ ವರ್ಗಾವಣೆ

ಮಾಲೀಕತ್ವ ವರ್ಗಾವಣೆಯಾದೊಡನೆ ಮೂರನೇ ವ್ಯಕ್ತಿಯ ವಿಮೆಯು ಅಧಿನಿಯಮದ ಕಲಂ 157ರಂತೆ ಹೊಸ ಮಾಲೀಕರಿಗೆ ವರ್ಗಾವಣೆಯಾದುದಾಗಿ ಪರಿಗಣಿಸಲ್ಪಡುತ್ತದೆ. ಆದರೆ ಸ್ವಂತ ವಾಹನದ ಹಾನಿ ಅಥವಾ ಕಳವಿನ ವಿಮೆಗೆ ಇದು ಅನ್ವಯಿಸುವುದಿಲ್ಲ. ಖರೀದಿಸಿದವರು 14 ದಿನಗಳೊಳಗೆ ವಿಮಾ ಕಂಪನಿಗೆ ಅರ್ಜಿ ಸಲ್ಲಿಸಿ ಪಾಲಿಸಿಯಲ್ಲಿ ತಮ್ಮ ಹೆಸರನ್ನು ನಮೂದಿಸಿಕೊಳ್ಳತಕ್ಕದ್ದು. ಹೀಗೆ ಮಾಡದೆ ಕಾರು ಅಪಘಾತಕ್ಕೀಡಾದರೆ ದುರಸ್ತಿಯ ಸಂಪೂರ್ಣ ವೆಚ್ಚ ಖರೀದಿಸಿದವರ ಮೇಲೆ ಬೀಳಬಹುದು.

ಹಕ್ಕು ಕೋರದ ವರ್ಷಗಳಿಗಾಗಿ ದೊರೆಯುವ ರಿಯಾಯಿತಿಯು ವ್ಯಕ್ತಿಗೆ ಸೇರಿದ್ದು, ಕಾರಿಗೆ ಸೇರಿದ್ದಲ್ಲ. ಮಾರಿದವರು ಅದನ್ನು ಉಳಿಸಿಕೊಂಡು ತಮ್ಮ ಮುಂದಿನ ಕಾರಿಗೆ ಬಳಸಬಹುದು. ಖರೀದಿಸಿದವರು ಆ ವ್ಯತ್ಯಾಸದ ಮೊತ್ತವನ್ನು ಕಟ್ಟಬೇಕಾಗುತ್ತದೆ.

8. ಒಡೆತನದ ವೆಚ್ಚ ಮತ್ತು ನೋಂದಣಿಯ ನವೀಕರಣ

ಕಾರಿನ ಬೆಲೆ ಒಮ್ಮೆ ಕೊಡುವುದು. ಅದನ್ನು ಇಟ್ಟುಕೊಳ್ಳುವ ವೆಚ್ಚ ಪ್ರತಿ ತಿಂಗಳೂ ಬರುವುದು. ಉದಾಹರಣೆಗೆ, ತಿಂಗಳಿಗೆ 600 ಕಿ.ಮೀ. ಓಡುವ, ಲೀಟರಿಗೆ 15 ಕಿ.ಮೀ. ನೀಡುವ ಕಾರಿಗೆ 40 ಲೀಟರ್ ಪೆಟ್ರೋಲ್ ಬೇಕು. ಲೀಟರಿಗೆ 100 ರೂ. ಎಂದಿಟ್ಟುಕೊಂಡರೆ ಇಂಧನಕ್ಕೇ 4,000 ರೂ. ಇದರೊಂದಿಗೆ ವಾರ್ಷಿಕ ವಿಮೆ, ಆಯಿಲ್ ಬದಲಾವಣೆ, ಟೈರು ಮತ್ತು ಬ್ಯಾಟರಿಗಾಗಿ ತಿಂಗಳಿಗಿಷ್ಟೆಂದು ತೆಗೆದಿರಿಸಬೇಕು. ಖರೀದಿಸಿದ ಮೊದಲ ತಿಂಗಳಲ್ಲಿ ಆಯಿಲ್, ಎಲ್ಲ ಫಿಲ್ಟರ್, ಕೂಲಂಟ್ ಮತ್ತು ಬ್ರೇಕ್ ದ್ರವವನ್ನು ಬದಲಾಯಿಸುವುದು ಒಳ್ಳೆಯದು. ಆದ್ದರಿಂದ ಕೈಯಲ್ಲಿರುವ ಹಣವನ್ನೆಲ್ಲ ಕಾರಿನ ಬೆಲೆಗೇ ಸುರಿಯಬಾರದು.

ಖಾಸಗಿ ಕಾರಿನ ನೋಂದಣಿಯು ಮೊದಲಿಗೆ 15 ವರ್ಷಗಳಿಗೆ ಮಾನ್ಯವಾಗಿರುತ್ತದೆ. ಅನಂತರ ವಾಹನವು ತಪಾಸಣೆಯಲ್ಲಿ ಯೋಗ್ಯವೆಂದು ಕಂಡುಬಂದಲ್ಲಿ ಒಮ್ಮೆಗೆ 5 ವರ್ಷಗಳಂತೆ ನವೀಕರಿಸಲಾಗುತ್ತದೆ. ಅವಧಿ ಮುಗಿಯುವ ಮೊದಲಿನ 60 ದಿನಗಳೊಳಗೆ ನಮೂನೆ 25ರಲ್ಲಿ ಅರ್ಜಿ ಸಲ್ಲಿಸಬಹುದು. ನವೀಕರಣದ ಶುಲ್ಕವನ್ನು 2022ರ ಏಪ್ರಿಲ್ 1ರಿಂದ 600 ರೂ.ಗಳಿಂದ 5,000 ರೂ.ಗಳಿಗೆ ಏರಿಸಲಾಯಿತು. 20 ವರ್ಷ ಮೀರಿದ ಕಾರುಗಳಿಗೆ 2025ರ ಆಗಸ್ಟ್‌ನ ತಿದ್ದುಪಡಿಯಲ್ಲಿ 10,000 ರೂ. ನಿಗದಿಯಾಯಿತು. ಇದರೊಂದಿಗೆ ಹಸಿರು ತೆರಿಗೆಯೂ ಅನ್ವಯಿಸುತ್ತದೆ. ಹೀಗಾಗಿ 14 ವರ್ಷ ಪೂರೈಸಿದ ಕಾರನ್ನು ಖರೀದಿಸುವವರು ಮುಂದಿನ ವರ್ಷವೇ ಈ ವೆಚ್ಚ ಬರುವುದನ್ನು ಲೆಕ್ಕದಲ್ಲಿಟ್ಟುಕೊಳ್ಳಬೇಕು.

9. ಮಾರುವವರಿಗೆ ವಿಶೇಷ ಸೂಚನೆಗಳು

• ಖಾಲಿ ನಮೂನೆ 29 ಮತ್ತು 30ಕ್ಕೆ ಸಹಿ ಮಾಡಿ ಯಾರಿಗೂ ಕೊಡಬಾರದು. ಖರೀದಿದಾರರ ಹೆಸರು, ವಿಳಾಸ ಮತ್ತು ದಿನಾಂಕ ತುಂಬಿದ ಮೇಲೆಯೇ ಸಹಿ ಮಾಡಬೇಕು.
• ಸಲ್ಲಿಸಿದ ನಮೂನೆಗಳ ಪ್ರತಿ ಮತ್ತು ಸ್ವೀಕೃತಿಯನ್ನು ಇಟ್ಟುಕೊಳ್ಳಬೇಕು.
• ಫಾಸ್ಟ್ಯಾಗ್ ಖಾತೆಯನ್ನು ಮುಚ್ಚಿಸಬೇಕು. ಇಲ್ಲವಾದಲ್ಲಿ ಹೊಸಬರ ಪ್ರಯಾಣದ ಸುಂಕ ನಿಮ್ಮ ಖಾತೆಯಿಂದ ಕಡಿತವಾಗುತ್ತದೆ.
• ತಿಂಗಳ ಬಳಿಕ ಪರಿವಾಹನ್ ಜಾಲತಾಣದಲ್ಲಿ ವಾಹನದ ಸಂಖ್ಯೆಯನ್ನು ನಮೂದಿಸಿ ಮಾಲೀಕರ ವಿವರ ಬದಲಾಗಿದೆಯೇ ಎಂದು ನೋಡಬೇಕು. ಬದಲಾಗದಿದ್ದಲ್ಲಿ ವಿತರಣಾ ಪತ್ರದ ಪ್ರತಿಯೊಂದಿಗೆ ನೋಂದಣಿ ಪ್ರಾಧಿಕಾರಕ್ಕೆ ಲಿಖಿತವಾಗಿ ತಿಳಿಸಬೇಕು.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಖರೀದಿ ಕರಾರನ್ನು ನೋಟರಿಯಿಂದ ದೃಢೀಕರಿಸಿದ್ದೇವೆ. ಅಷ್ಟು ಸಾಕೇ?
ಉತ್ತರ: ಸಾಲದು. ಕರಾರು ಇಬ್ಬರ ನಡುವಿನ ದಾಖಲೆ ಮಾತ್ರ. ನೋಂದಣಿ ದಾಖಲೆಯಲ್ಲಿ ಹೆಸರು ಬದಲಾಗದೆ ಮಾರಿದವರ ಹೊಣೆ ತಪ್ಪುವುದಿಲ್ಲ.

ಪ್ರಶ್ನೆ: ಮಾರಿದವರು ಈಗ ಸಂಪರ್ಕಕ್ಕೆ ಸಿಗುತ್ತಿಲ್ಲ. ಏನು ಮಾಡಬೇಕು?
ಉತ್ತರ: ಪಾವತಿಯ ಬ್ಯಾಂಕ್ ದಾಖಲೆ, ವಿತರಣಾ ಪತ್ರ ಮತ್ತು ಮೂಲ ಆರ್.ಸಿ.ಯೊಂದಿಗೆ ನಿಮ್ಮ ವ್ಯಾಪ್ತಿಯ ನೋಂದಣಿ ಪ್ರಾಧಿಕಾರವನ್ನು ಖುದ್ದಾಗಿ ಕಂಡು ಲಿಖಿತ ಮನವಿ ಸಲ್ಲಿಸಬೇಕು. ಇಂತಹ ಸಂದರ್ಭ ಬಾರದಂತೆ, ಹಣದ ಕೊನೆಯ ಕಂತನ್ನು ನಮೂನೆಗಳಿಗೆ ಸಹಿಯಾದ ಬಳಿಕವೇ ನೀಡುವುದು ಸುರಕ್ಷಿತ.

ಪ್ರಶ್ನೆ: ಆರ್.ಸಿ. ಕಳೆದುಹೋಗಿದೆ. ಹಾಗೆಯೇ ಮಾರಬಹುದೇ?
ಉತ್ತರ: ಇಲ್ಲ. ಪೊಲೀಸ್ ಠಾಣೆಗೆ ದೂರು ನೀಡಿ, ನಮೂನೆ 26ರಲ್ಲಿ ನಕಲು ಆರ್.ಸಿ.ಗೆ ನೋಂದಾಯಿತ ಮಾಲೀಕರೇ ಅರ್ಜಿ ಸಲ್ಲಿಸಬೇಕು.

ಪ್ರಶ್ನೆ: ಕಾರು ಸ್ನೇಹಿತರಿಂದ ಖರೀದಿಸಿದ್ದು, ಇಬ್ಬರಿಗೂ ಪರಸ್ಪರ ವಿಶ್ವಾಸವಿದೆ. ವರ್ಗಾವಣೆಯನ್ನು ನಿಧಾನವಾಗಿ ಮಾಡಿಸಿದರೆ ಆಗದೇ?
ಉತ್ತರ: ಕಾಲಮಿತಿಯು ಎಲ್ಲರಿಗೂ ಒಂದೇ. ಅಪಘಾತವಾದಲ್ಲಿ ಪರಿಹಾರದ ಹೊಣೆಯು ನಿಮ್ಮ ಸ್ನೇಹಿತರ ಮೇಲೆಯೇ ಬರುತ್ತದೆ. ವಿಶ್ವಾಸ ಉಳಿಯಬೇಕಾದರೆ ವರ್ಗಾವಣೆ ತಡವಾಗಬಾರದು.

ಪ್ರಶ್ನೆ: ಅರ್ಜಿ ಸಲ್ಲಿಸಿ ನಿಗದಿತ ಅವಧಿ ಮೀರಿದೆ. ಯಾರಲ್ಲಿ ದೂರಬೇಕು?
ಉತ್ತರ: 2011ರ ಸಕಾಲ ಅಧಿನಿಯಮದ ವ್ಯಾಪ್ತಿಗೆ ಬರುವ ಸೇವೆಗಳಿಗೆ ಅರ್ಜಿ ಸ್ವೀಕರಿಸಿದಾಗ ಸ್ವೀಕೃತಿ ಸಂಖ್ಯೆ ನೀಡಲಾಗುತ್ತದೆ. ಅದರ ಆಧಾರದಲ್ಲಿ ಸಕ್ಷಮ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸಬಹುದು. ವಿಳಂಬಕ್ಕೆ ದಿನಕ್ಕೆ 20 ರೂ.ಗಳಂತೆ, ಗರಿಷ್ಠ 500 ರೂ.ಗಳವರೆಗೆ ಪರಿಹಾರ ವೆಚ್ಚ ಪಡೆಯಲು ಅಧಿನಿಯಮದಲ್ಲಿ ಅವಕಾಶವಿದೆ.

ಸೂಚನೆ

ಈ ಪುಟದಲ್ಲಿನ ವಿವರಗಳು ಸಾರ್ವಜನಿಕರ ಮಾಹಿತಿಗಾಗಿ ಮಾತ್ರ. ಶುಲ್ಕ ಮತ್ತು ತೆರಿಗೆಯ ದರಗಳು ಕಾಲಕಾಲಕ್ಕೆ ತಿದ್ದುಪಡಿಯಾಗುವುದರಿಂದ ಅರ್ಜಿ ಸಲ್ಲಿಸುವ ದಿನ ಜಾರಿಯಲ್ಲಿರುವ ದರವೇ ಅನ್ವಯಿಸುತ್ತದೆ. ನಮೂನೆಗಳು ಪ್ರಾದೇಶಿಕ ಸಾರಿಗೆ ಕಚೇರಿಗಳಲ್ಲಿ ಹಾಗೂ ಪರಿವಾಹನ್ ಜಾಲತಾಣದಲ್ಲಿ ದೊರೆಯುತ್ತವೆ. ಸಾರ್ವಜನಿಕರು ಮಧ್ಯವರ್ತಿಗಳನ್ನು ಅವಲಂಬಿಸದೆ ನೇರವಾಗಿ ಅರ್ಜಿ ಸಲ್ಲಿಸಿ, ಹೊಸ ನೋಂದಣಿ ಪ್ರಮಾಣಪತ್ರವು ತಮ್ಮ ಹೆಸರಿನಲ್ಲಿ ಕೈಸೇರಿದ ನಂತರವೇ ಖರೀದಿಯು ಪೂರ್ಣಗೊಂಡಿತೆಂದು ತಿಳಿಯಬೇಕಾಗಿ ಕೋರಲಾಗಿದೆ.